ಶಹಬ್ಬಾಸ್ ಓಣಿ

ನಮ್ಮ ಊರಿನಲ್ಲಿ ಮಕ್ಕಳು ಚೆನ್ನಾಗಿ ಆಡಿದರೆ ತಾಯಂದಿರು ಬೈಯುತ್ತಾರೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಾಲ್ಕು ದಿನ ಇದ್ದರೆ ಅವರೂ ಬೈಯಲು ಕಲಿಯುತ್ತಾರೆ. ಇಲ್ಲಿ ಯಾರನ್ನಾದರೂ ಊರೆಲ್ಲ ಒಂದೇ ಬಾಯಿಂದ ‘ಇವರಂಥವರು ಇನ್ನೊಬ್ಬರಿಲ್ಲ’ ಎಂದು ಹೊಗಳಿತೆಂದರೆ ಅವತ್ತೇ ಅವರ ಮನೆಯವರಿಗೆ ಅವರ ಗುರುತು ಹೋಗುತ್ತದೆ. ಊರಿಗೆ ಗೊತ್ತಿರುತ್ತದೆ, ಮನೆಗೆ ಗೊತ್ತಿರುವುದಿಲ್ಲ. ಹೆತ್ತ ತಾಯಿಯೇ ಬಾಗಿಲು ತೆರೆದು ಯಾರು ಬೇಕಾಗಿತ್ತು ಎಂದು ಕೇಳುತ್ತಾಳೆ. ಮುಂದೆ ಎಂದಾದರೂ ಊರಿನ ಬಾಯಿ ಅವರನ್ನು ಬಿಟ್ಟು ಅದೇ ವಿಷಯಕ್ಕೆ ಬೇರೆಯವರ ಕಡೆ ತಿರುಗಿದರೆ ಮಾತ್ರ ಮನೆಯವರಿಗೆ ಮತ್ತೆ ನೆನಪಾಗುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಮ್ಮ ಬಾವಿಗಳ ನೀರು ಯಾಕೆ ಉಪ್ಪು ಎಂದು ನಾವು ಕೇಳಿದವರಲ್ಲ. ಉಪ್ಪು ನೀರಿನಲ್ಲೇ ಬೇಳೆ ಬೇಯಿಸಿಕೊಂಡು ಉಣ್ಣುತ್ತೇವೆ.

ಹೀಗಾಗಿ ನಮ್ಮ ದರ್ಜಿ ಎಷ್ಟೇ ಚಂದ ಹೊಲಿದರೂ ಒಂದು ಗುಂಡಿಯನ್ನು ಸ್ವಲ್ಪ ಕೆಳಗೆ ಹಚ್ಚುತ್ತಾನೆ. ಜಿಲೇಬಿ ಅಂಗಡಿಯವನು ಆಗಾಗ ಬೇಕೆಂದೇ ಪಾಕ ಕೆಡಿಸುತ್ತಾನೆ, ಗಿರಾಕಿಗಳು ಮುಖ ಹಿಂಡಿಕೊಂಡು ಸಮಾಧಾನದಿಂದ ತಿನ್ನುತ್ತಾರೆ. ಜಾಣ ಹುಡುಗರು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಬರುತ್ತಾರೆ. ಬಿಡುವುದನ್ನು ಮರೆತವರಿಗೆ ಮನೆಯಲ್ಲಿ ಏಟು. ಹೊಗಳದೆ ಗತಿಯಿಲ್ಲ ಎನ್ನುವಾಗ ‘ಪರವಾಗಿಲ್ಲ’ ಎನ್ನುತ್ತೇವೆ. ಇಷ್ಟೆಲ್ಲ ಎಚ್ಚರದ ನಡುವೆಯೂ ಕೆಲವರು ಸಿಕ್ಕಿಬೀಳುತ್ತಾರೆ. ಅಂಥವರಿಗಾಗಿ ಹಳೆಯ ಹತ್ತಿ ಗೋದಾಮಿನ ಹಿಂದೆ ಒಂದು ಸಾಲು ಕೋಣೆಗಳಿವೆ. ಅದಕ್ಕೆ ಶಹಬ್ಬಾಸ್ ಓಣಿ ಎಂದು ಹೆಸರು. ಹೆಸರಿಟ್ಟವನ ನಾಲಿಗೆಗೆ ಹುಳ ಬೀಳಲಿ.

ನಾನು ನೀಲಗಂಗಾ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನನ್ನ ಗಂಡ ಗುರುಶಾಂತ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮಗಳು ಶಕ್ಕು ಆಗ ಇನ್ನೂ ಕನ್ನಡ ಶಾಲೆಯ ಚಿಕ್ಕ ತರಗತಿಯಲ್ಲಿದ್ದಳು. ಜಡೆ ಹಾಕುವಾಗ ಎಳೆದರೆ ಇಡೀ ಓಣಿಗೆ ಕೇಳುವಂತೆ ಕಿರುಚುತ್ತಿದ್ದಳು. ನಾನು ಬಾಯಿಗೆ ಬಂದದ್ದನ್ನು ಆಡುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂಥವಳನ್ನು ಊರು ಹೊಗಳುವ ಸಂಭವವೇ ಇಲ್ಲ ಎಂದು ನಾನೂ ನಿಶ್ಚಿಂತೆಯಿಂದ ಇದ್ದೆ, ಗುರುಶಾಂತನೂ ಇದ್ದ.

ನಮ್ಮ ಶಾಲೆಗೆ ಬಾಸ್ಕೆಟ್‌ಬಾಲ್ ಕೋರ್ಟ್ ಇತ್ತು, ತಂಡವೂ ಇತ್ತು, ಗೆಲುವೊಂದಿರಲಿಲ್ಲ. ರಿಂಗಿಗೆ ಚೆಂಡು ಎಸೆಯಲು ಯಾರಿಗೂ ಧೈರ್ಯವಿರಲಿಲ್ಲ. ಹೆಚ್ಚು ಬಾಸ್ಕೆಟ್ ಹಾಕಿದವಳ ಹೆಸರನ್ನು ಜನ ಕೂಗಿಬಿಟ್ಟರೆ? ಚೆಂಡು ಕೈಗೆ ಬಂತೆಂದರೆ ಕೆಂಡ ಬಿದ್ದವರ ಹಾಗೆ ಪಕ್ಕದವಳಿಗೆ ದಾಟಿಸುವರು, ಅವಳು ಇನ್ನೊಬ್ಬಳಿಗೆ. ಹೊರಗಿನ ಊರಿನ ತಂಡಗಳು ನಮ್ಮನ್ನು ಸೋಲಿಸಿ, ಬಸ್ಸಿನ ಕಿಟಕಿಯಿಂದ ಕೈಬೀಸಿ ಹೋಗುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಭ್ಯಾಸ ನೋಡುತ್ತ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಈ ಹುಡುಗಿಯರು ಚೆಂಡನ್ನು ಎಷ್ಟು ಬೇಗ ಕೈಬಿಡುತ್ತಾರೆಂದರೆ ಅದನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಹೆದರಿ ಓಡಿಸುವ ಚೆಂಡನ್ನೇ ಬೇಕಾದ ಕಡೆ ಓಡಿಸಿದರೆ ಆಯಿತಲ್ಲ!

ಅಲ್ಲಿಂದ ನಾನು ಒಂದು ಕ್ರಮ ಕಟ್ಟಿದೆ. ಚೆಂಡು ಹಿಡಿದವಳು ಇನ್ನೊಂದು ಉಸಿರು ತೆಗೆದುಕೊಳ್ಳುವ ಮೊದಲೇ ಬಿಡಬೇಕು. ಬಿಟ್ಟವಳು ನಿಂತು ನೋಡಬಾರದು; ಓಡಿಹೋಗಿ ಎದುರಾಳಿಯ ದಾರಿಗೆ ಅಡ್ಡ ನಿಂತು ತನ್ನವರಿಗೆ ಜಾಗ ಮಾಡಿಕೊಡಬೇಕು. ರಿಂಗಿನ ಹತ್ತಿರ ಯಾರು ಖಾಲಿ ಇದ್ದಾಳೋ ಚೆಂಡು ಅವಳದು. ಒಮ್ಮೆ ಹಾಕಿದವಳು ಉಳಿದವರೆಲ್ಲ ಹಾಕುವ ತನಕ ಮತ್ತೆ ಹಾಕುವ ಹಾಗಿಲ್ಲ. ಎಲ್ಲರಿಗೂ ಒಂದೇ ಥರ ತುರುಬು, ಒಂದೇ ಬಣ್ಣದ ಪಟ್ಟಿ. ನೋಡುವವರಿಗೆ ಯಾರು ಹಾಕಿದರು ಎಂದು ತಿಳಿಯುವಷ್ಟರಲ್ಲಿ ಎಲ್ಲರೂ ಓಡಿ ತಮ್ಮ ಕಡೆಯ ರಿಂಗ್ ಕಾಯುತ್ತಿರುತ್ತಿದ್ದರು.

ಹೊರಗಿನ ತಂಡಗಳಲ್ಲಿ ಒಬ್ಬೊಬ್ಬಳು ರಾಣಿ ಇರುತ್ತಿದ್ದಳು. ಎತ್ತರದ ಹುಡುಗಿ, ಅವಳಿಗೇ ಚೆಂಡು, ಅವಳಿಗೇ ಚಪ್ಪಾಳೆ. ನಾವು ಅವಳನ್ನು ತಡೆಯಲು ಹೋಗುತ್ತಿರಲಿಲ್ಲ, ಸುಮ್ಮನೆ ಓಡಾಡಿಸುತ್ತಿದ್ದೆವು. ಆಟದ ಕೊನೆಯ ಭಾಗಕ್ಕೆ ಬರುವಾಗ ರಾಣಿ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದಳು. ಉಳಿದ ನಾಲ್ವರಿಗೆ ಅವಳ ಮುಖ ನೋಡುವುದರ ಹೊರತು ಬೇರೇನೂ ಗೊತ್ತಿರುತ್ತಿರಲಿಲ್ಲ. ಪಾಪ, ಅವರಿಗೆ ಕಲಿಸಿದ್ದೇ ಅಷ್ಟು. ನಾವು ಗೆಲ್ಲತೊಡಗಿದೆವು.

ನನ್ನ ತಂಡದಲ್ಲಿ ತಂಗೆವ್ವ ಎಂಬ ಹುಡುಗಿಯಿದ್ದಳು. ಎತ್ತರವೇನಲ್ಲ, ಆದರೆ ಅವಳ ಕೈಗೆ ಚೆಂಡು ಬಂದರೆ ತನ್ನ ಮನೆಗೆ ಬಂದ ಹಾಗೆ ಬರುತ್ತಿತ್ತು. ಎಲ್ಲಿಂದ ಎಸೆದರೂ ರಿಂಗಿನೊಳಗೇ. ಮೊದಲ ದಿನ ಅವಳು ಎಸೆದದ್ದನ್ನು ನೋಡಿ ನನಗೆ ಖುಷಿಯಾಗಲಿಲ್ಲ, ಭಯವಾಯಿತು. ಮನೆಯಲ್ಲಿ ಅವಳು ಮತ್ತು ತಾಯಿ ಫಕೀರವ್ವ ಇಬ್ಬರೇ. ಫಕೀರವ್ವ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿದು ಬದುಕುವವಳು. ಪ್ರತಿ ಕೌದಿಯಲ್ಲೂ ಒಂದು ತುಂಡನ್ನು ಸೊಟ್ಟಗೆ ಹಚ್ಚುತ್ತಿದ್ದಳು. ಮಗಳು ತಂಡಕ್ಕೆ ಸೇರಿದ ವಾರವೇ ಅವಳು ಕೆಮ್ಮುತ್ತ ಶಾಲೆಗೆ ಬಂದಳು.

“ಅಕ್ಕಾರ, ನನಗ ಎದ್ಯಾಗ ಬ್ಯಾನಿ ಐತಿ. ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ಇರೂ ತನಕ ನನ್ನ ಮಗಳ ಗುರುತು ನನಗಿರಲ್ರಿ. ಅಷ್ಟು ನೋಡ್ಕೊಳ್ರಿ,” ಎಂದಳು.

“ಆಕೀ ಹೆಸರು ಒಬ್ರ ಬಾಯಾಗೂ ಬರದಂಗ ನೋಡ್ಕೋತೀನಿ, ಹೋಗವಾ,” ಎಂದೆ.

ಮಾತು ಉಳಿಸಿಕೊಂಡೆ. ತಂಗೆವ್ವ ಮಿತಿಮೀರಿದಳು ಎನಿಸಿದರೆ ಹೊರಗೆ ಕೂರಿಸುತ್ತಿದ್ದೆ. ಬೆಂಚಿನ ತುದಿಯಲ್ಲಿ ಕೂತು ಉಗುರು ಕಡಿಯುತ್ತಿದ್ದಳು, ಒಮ್ಮೆಯೂ ಎದುರಾಡಲಿಲ್ಲ. ಇಷ್ಟಾದರೂ ಧೈರ್ಯ ಸಾಲದೆ ನಾವು ಇನ್ನೊಂದು ರೂಢಿ ಮಾಡಿಕೊಂಡಿದ್ದೆವು. ಪಂದ್ಯ ಮುಗಿದ ಸಂಜೆ ಇಡೀ ತಂಡ ಒಟ್ಟಾಗಿ ಮನೆಮನೆಗೆ ಹೋಗುವುದು. ಹುಡುಗಿ ತನ್ನ ಮನೆಯ ಬಾಗಿಲು ಬಡಿಯಬೇಕು. ಒಳಗಿನವರು ಬಾಗಿಲು ತೆರೆದು ಅವಳ ಹೆಸರು ಹಿಡಿದು ಕರೆದ ಮೇಲೆಯೇ ನಾವು ಮುಂದಿನ ಮನೆಗೆ. ಬಾಗಿಲು ತೆರೆಯುವುದು ಸ್ವಲ್ಪ ತಡವಾದರೂ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ಫಕೀರವ್ವನಂತೂ ಬಾಗಿಲು ಬಡಿಯಲೂ ಬಿಡುತ್ತಿರಲಿಲ್ಲ, ಓಣಿಯ ತಿರುವಿನಲ್ಲೇ ಬಂದು ನಿಂತು “ತಂಗೀ, ಬಂದ್ಯಾ?” ಎನ್ನುತ್ತಿದ್ದಳು. ಎಲ್ಲರನ್ನೂ ಸೇರಿಸಿ ಕೊನೆಗೆ ನಾನು ನನ್ನ ಮನೆಗೆ ಹೋಗುತ್ತಿದ್ದೆ. ನನ್ನ ಬಾಗಿಲಿನ ಬಗ್ಗೆ ನನಗೆ ಯಾವತ್ತೂ ಚಿಂತೆಯಿರಲಿಲ್ಲ.

ಜಿಲ್ಲಾ ಪಂದ್ಯದ ಫೈನಲ್ ಆ ವರ್ಷ ನಮ್ಮ ಕೋರ್ಟಿನಲ್ಲೇ ನಡೆಯಿತು. ಊರೆಲ್ಲ ಬಂದಿತ್ತು, ಗಿರಣಿಯಲ್ಲಿ ಜೋಳ ಗುಡ್ಡೆಬಿದ್ದಿದೆ ಎಂದು ಗುರುಶಾಂತ ಮಾತ್ರ ಶಕ್ಕುವನ್ನು ಕರೆದುಕೊಂಡು ಅಲ್ಲೇ ಉಳಿದಿದ್ದ. ನನ್ನ ಕ್ರಮ ಅಂದು ಎಣ್ಣೆ ಹಾಕಿದ ಯಂತ್ರದ ಹಾಗೆ ನಡೆಯಿತು. ಸುಮಿತ್ರಾ ಹಾಕಿದಳು, ಹಸೀನಾ ಹಾಕಿದಳು, ತಂಗೆವ್ವ ಹಾಕಿದಳು, ಯಾರು ಹಾಕಿದರೆಂದು ಯಾರಿಗೂ ತಿಳಿಯಲಿಲ್ಲ. ಗೆದ್ದೆವು. ಬಹುಮಾನ ಕೊಡಲು ಬಂದ ಪುರಸಭೆಯ ಅಧ್ಯಕ್ಷರು ಯಾವ ಹುಡುಗಿಯನ್ನು ಹೊಗಳಬೇಕೆಂದು ತಿಳಿಯದೆ ಮೈಕಿನ ಮುಂದೆ ತಡವರಿಸಿದರು. ಅತ್ತಿತ್ತ ನೋಡಿದರು. ನಾನು ಕಣ್ಣಿಗೆ ಬಿದ್ದೆ.

“ಆಡಿದವರು ಐದು ಮಂದಿ ಇರಬಹುದು. ಆಡಿಸಿದಾಕಿ ಒಬ್ಬಾಕಿ. ಇಂಥ ಕೋಚ್ ಈ ಸೀಮ್ಯಾಗ ಇನ್ನೊಬ್ಬರಿಲ್ಲ,” ಎಂದರು.

ಯಾರಾದರೂ ಅಲ್ಲಗಳೆಯುತ್ತಾರೆಂದು ಕಾದೆ. ನಮ್ಮ ಊರಿನವರು ಅಷ್ಟು ಮರ್ಯಾದಸ್ಥರು. ಹೊಗಳಿಕೆ ಕೇಳಿದ ತಕ್ಷಣ ಯಾರಾದರೊಬ್ಬರು ಏನಾದರೂ ಕೊಂಕು ತೆಗೆದು ಮನುಷ್ಯನನ್ನು ಉಳಿಸುತ್ತಾರೆ. ಅಂದು ಗೆದ್ದ ಸಂಭ್ರಮದಲ್ಲಿ ಎಲ್ಲರೂ ಎಚ್ಚರಿಕೆ ಮರೆತರು. “ಖರೇ! ಖರೇ!” ಎಂದು ಸಾವಿರ ಬಾಯಿ ಒಂದಾಗಿ ಕೂಗಿತು. ಹುಡುಗಿಯರೂ ಕೂಗಿದರು. ಹುಡುಗಿಯರನ್ನೆಲ್ಲ ಬಚ್ಚಿಡುತ್ತ ಹೋದ ನಾನು, ಕೊನೆಗೆ ಕಾಣಿಸುವುದು ಬಚ್ಚಿಟ್ಟವಳೇ ಎಂದು ಯೋಚಿಸಿರಲಿಲ್ಲ. ಇಷ್ಟು ದಡ್ಡತನ ನನ್ನದು.

ಆ ಸಂಜೆ ಎಲ್ಲರ ಬಾಗಿಲುಗಳೂ ತೆರೆದವು. ಯಾಕೋ ಹುಡುಗಿಯರು ನನ್ನನ್ನು ಒಬ್ಬಳೇ ಬಿಡಲಿಲ್ಲ. ಎಲ್ಲರೂ ಹಿಂದೆಯೇ ಬಂದರು. ಬಾಗಿಲು ಬಡಿದೆ. ಗುರುಶಾಂತ ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದ.

“ಯಾರ್ರಿ? ಗಿರಣಿ ಬಂದ್ ಆಗೇತ್ರಿ. ನಾಳೆ ಬರ್ರಿ,” ಎಂದ.

ಅವನ ಸೊಂಟದ ಪಕ್ಕದಿಂದ ಶಕ್ಕು ಇಣುಕಿದಳು. ಬೆಳಿಗ್ಗೆ ನಾನು ಹಾಕಿದ ಜಡೆ ಇನ್ನೂ ಬಿಚ್ಚಿರಲಿಲ್ಲ.

“ಅಪ್ಪಾ, ಈ ಬಾಯಾರು ಯಾಕ ಅಳಾಕತ್ತಾರ?” ಎಂದು ಕೇಳಿದಳು.

“ಪಾಪ, ಏನೋ ತ್ರಾಸು ಇರಬೇಕು,” ಎಂದ ನನ್ನ ಗಂಡ. “ಕುಡ್ಯಾಕ ನೀರ್ ಬೇಕೇನ್ರಿ?”

ಬೇಡ ಎಂದೆ. ನನ್ನದೇ ಮನೆಯ ನೀರು ಬೇಡ ಎಂದು ತಿರುಗಿ ನಡೆದೆ. ಹುಡುಗಿಯರು ಗೋಡೆಗೆ ಆತುಕೊಂಡು ನಿಂತಿದ್ದರು. ತಂಗೆವ್ವ ಮಾತ್ರ ಹತ್ತಿರ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು ಹತ್ತಿ ಗೋದಾಮಿನ ತನಕ ಬಂದಳು.

ಶಹಬ್ಬಾಸ್ ಓಣಿಯಲ್ಲಿ ಕೋಣೆ ಕೇಳಬೇಕಾಗಿಲ್ಲ, ಖಾಲಿ ಇದ್ದುದರಲ್ಲಿ ಹೋಗಿ ಇರಬಹುದು. ಪಕ್ಕದ ಕೋಣೆಯಲ್ಲಿ ಅಂಬಾಬಾಯಿ ಎಂಬ ಮುದುಕಿಯಿದ್ದಳು. ಒಂದು ಕಾಲದಲ್ಲಿ ಅವಳು ಹಾಡಿದರೆ ಸಂತೆ ನಿಲ್ಲುತ್ತಿತ್ತಂತೆ. ಈಗ ಅವಳ ಮಗ ತರಕಾರಿ ಗಾಡಿ ತಳ್ಳಿಕೊಂಡು ಬಂದು ಅವಳಿಗೇ ಬದನೆಕಾಯಿ ತೂಗಿಕೊಟ್ಟು ‘ಅಜ್ಜಿ’ ಎನ್ನುತ್ತಿದ್ದ. ತನಗಿಂತ ಚೆನ್ನಾಗಿ ಹಾಡುವ ಒಬ್ಬರು ಹುಟ್ಟಲಿ ಎಂದು ಅವಳು ಓಣಿ ಓಣಿ ತಿರುಗಿ ಮಕ್ಕಳಿಗೆ ಪುಕ್ಕಟೆ ಹಾಡು ಕಲಿಸುತ್ತಿದ್ದಳು. ಯಾವುದಾದರೂ ಮಗುವಿನ ದನಿ ತಿಳಿಯಾಯಿತು ಎನ್ನುವಾಗ ತಾಯಂದಿರು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಅವಳು ತಪ್ಪೆನ್ನುತ್ತಿರಲಿಲ್ಲ.

ಮೊದಲ ದಿನ ಅಂಬಾಬಾಯಿ ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ನಾನು ಹಸಿದಿದ್ದೇನೆಂದು ಅವಳಿಗೆ ಕಾಣುತ್ತಿತ್ತು. ಆದರೂ ಬಾ ಎನ್ನಲಿಲ್ಲ.

“ತಪ್ಪು ತಿಳ್ಕೋಬ್ಯಾಡವಾ,” ಎಂದಳು. “ಈ ಓಣ್ಯಾಗ ಯಾರೂ ಯಾರಿಗೂ ಉಪ್ಪಿನಕಾಯಿ ಚೂರು ಸೈತ ಕೊಡಂಗಿಲ್ಲ. ಅಂತಃಕರಣದಿಂದ ಒಂದು ತುತ್ತು ಕೊಟ್ರ ನೀ ನನ್ನ ಮನಿಯಾಕಿ ಆದಿ. ಮನಿಯಾಕಿ ಆದ್ರ ಮುಂಜಾನಿಗೆ ನಿನ್ನ ಗುರುತು ನನಗಿಲ್ಲ, ನನ್ನ ಗುರುತು ನಿನಗಿಲ್ಲ. ಹಿಂದ ಇಬ್ಬರು ಹಂಗ ಮಾಡ್ಕೊಂಡು, ಬಾಜೂಕ ಇದ್ರೂ ಗುರುತು ಸಿಗದ ಒಬ್ಬರಿಗೊಬ್ರು ಅಂಜ್ಕೋತ ಸತ್ರು. ನಿನ್ನ ಒಲಿ ನೀ ಹೂಡು.”

ನನ್ನ ಒಲೆ ನಾನು ಹೂಡಿದೆ. ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಶಕ್ಕು ಜಡೆಯಿಲ್ಲದೆ, ಕೂದಲಿಗೆ ಒಂದು ದಾರ ಸುತ್ತಿಕೊಂಡು ಬೀದಿಯಲ್ಲಿ ಆಡುತ್ತಿದ್ದಳು. ಅವಳಿಗೆ ದುಃಖವೇನೂ ಇರಲಿಲ್ಲ. ತಾಯಿ ಇದ್ದಳು ಎಂಬುದೇ ಗೊತ್ತಿಲ್ಲದ ಮೇಲೆ ಎಲ್ಲಿಯ ದುಃಖ? ಗುರುಶಾಂತನನ್ನು ನೋಡಬೇಕೆನಿಸಿದಾಗ ಜೋಳ ಕೊಂಡು ಗಿರಣಿಗೆ ಹೋಗುತ್ತಿದ್ದೆ. ಒಬ್ಬಳು ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಹಿಟ್ಟು ನನ್ನ ಕೋಣೆಯಲ್ಲಿ ಹುಳ ಹಿಡಿಯುತ್ತಿತ್ತು.

“ಯಾವ ಓಣ್ಯಾಗ ಇರ್ತೀರ್ರಿ?” ಎಂದು ಒಮ್ಮೆ ಕೇಳಿದ.

“ಶಹಬ್ಬಾಸ್ ಓಣಿ.”

“ಛೇ,” ಎಂದು ತಲೆಯಾಡಿಸಿದ. “ನಿಮ್ಮ ಮನಿಯವರು ಎಂಥಾ ನತದೃಷ್ಟರೋ ಏನೋ,” ಎಂದ. ಹಿಟ್ಟಿನ ಧೂಳಿಗೆ ಅವನ ರೆಪ್ಪೆಗಳು ಬೆಳ್ಳಗಾಗಿದ್ದವು. ಒರೆಸಬೇಕೆಂದು ಎತ್ತಿದ ಕೈಯನ್ನು ಕೆಳಗಿಳಿಸಿದೆ.

ನನಗಿದ್ದದ್ದು ಒಂದೇ ದಾರಿ, ಊರಿನ ಬಾಯಿಯಿಂದ ನನ್ನ ಹೆಸರು ಇಳಿಯಬೇಕು. ಸೋತರೆ ಇಳಿಯುತ್ತದೆ ಎಂದುಕೊಂಡು ಕೆಟ್ಟದಾಗಿ ಕಲಿಸಲು ನೋಡಿದೆ. ಹುಡುಗಿಯರ ಕಾಲಿಗೆ ಕ್ರಮ ಇಳಿದುಹೋಗಿತ್ತು. ನಾನು ತಪ್ಪು ಹೇಳಿದರೂ ಅವರು ಸರಿ ಆಡುತ್ತಿದ್ದರು. ಬೇಕೆಂದೇ ಸೋಲಿ ಎಂದು ಬಾಯಿಬಿಟ್ಟು ಹೇಳಲು ನಾಲಿಗೆ ಹೊರಳಲಿಲ್ಲ. ಊರು ನನ್ನನ್ನು ಇನ್ನೂ ಹೊಗಳಿತು. ಹೊಗಳಿಕೆ ಕೇಳಿದಾಗ ಮೈಮೇಲೆ ಕಲ್ಲು ಬಿದ್ದಂತಾಗುತ್ತಿತ್ತು.

ಚಳಿಗಾಲದಲ್ಲಿ ಫಕೀರವ್ವ ತೀರಿಕೊಂಡಳು. ಕೊನೆಯ ತನಕ ಮಗಳ ಗುರುತು ಅವಳಿಗಿತ್ತು. ‘ತಂಗಿ, ದೀಪ ಸಣ್ಣದು ಮಾಡು’ ಎಂದದ್ದೇ ಕೊನೆಯ ಮಾತಂತೆ. ನಾನು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಮಣ್ಣು ಮಾಡಿದ ದಿನ ತಂಗೆವ್ವ ಅಳಲಿಲ್ಲ. ಅರ್ಧ ಹೊಲಿದ ಕೌದಿಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತಿದ್ದಳು. ಮೂರನೇ ವಾರಕ್ಕೆ ಅಭ್ಯಾಸಕ್ಕೆ ಬಂದಳು. ಹುಡುಗಿಯರೆಲ್ಲ ನೀರಿನ ಟ್ಯಾಂಕಿನ ಹಿಂದೆ ನಿಂತು ಏನೋ ಪಿಸುಗುಟ್ಟುತ್ತಿದ್ದರು. ನಾನು ಹೋದರೆ ಸುಮ್ಮನಾಗುತ್ತಿದ್ದರು. ತಾಯಿ ಸತ್ತವಳಿಗೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ.

ಆ ವರ್ಷದ ಫೈನಲ್ ಕೂಡ ನಮ್ಮ ಕೋರ್ಟಿನಲ್ಲೇ. ಹೋದ ವರ್ಷ ಸೋತ ತಂಡ ಸೇಡಿಗೆಂದು ಬಂದಿತ್ತು. ಸೀಟಿ ಊದಿದ ಸ್ವಲ್ಪ ಹೊತ್ತಿಗೆ ತಂಗೆವ್ವ ಒಂದು ಹಾಕಿದಳು. ಸರಿ. ಮತ್ತೆ ಚೆಂಡು ಅವಳಿಗೇ ಬಂತು, ಮತ್ತೆ ಹಾಕಿದಳು. “ಚೆಂಡು ಬಿಡು!” ಎಂದು ಕೂಗಿದೆ. ಮೂರನೆಯದನ್ನೂ ಅವಳೇ ಹಾಕಿದಳು, ಅದೂ ಅರ್ಧ ಕೋರ್ಟಿನ ಹತ್ತಿರದಿಂದ. ಮೊದಲು ಜನ ಸುಮ್ಮನಿದ್ದರು. ನಮ್ಮವರಿಗೆ ಇಂಥದ್ದನ್ನು ನೋಡಿ ಗೊತ್ತಿಲ್ಲ, ಹೆದರಿದರು. ಆಮೇಲೆ ಒಂದು ಮೂಲೆಯಿಂದ ಯಾರೋ ಅವಳ ಹೆಸರು ಕೂಗಿದರು.

ಬೆಂಚಿನಲ್ಲಿದ್ದ ಹಸೀನಾಳಿಗೆ “ಏಳು, ತಂಗೆವ್ವನ ಬದ್ಲಿ ನೀ ಹೋಗು,” ಎಂದೆ.

ಹಸೀನಾ ಏಳಲಿಲ್ಲ. “ಅಕ್ಕಾರ, ಕಾಲು ಹಿಡದೇತ್ರಿ,” ಎಂದಳು.

ಅವಳ ಪಕ್ಕದವಳಿಗೆ ಹೇಳಿದೆ. “ನಂದೂ ಹಿಡದೇತ್ರಿ,” ಎಂದು ಅವಳು ನೆಲ ನೋಡಿದಳು. ಬೆಂಚಿನ ತುದಿಯ ತನಕ ಎಲ್ಲರ ಕಾಲೂ ಹಿಡಿದಿದ್ದವು. ಆಟಕ್ಕೇ ಇಳಿಯದವರ ಕಾಲು! ಆಗ ನನಗೆ ನೀರಿನ ಟ್ಯಾಂಕಿನ ಹಿಂದಿನ ಪಿಸುಮಾತು ಅರ್ಥವಾಯಿತು. ಟೈಮ್‌ಔಟ್ ಕೇಳಿದೆ. ಐವರೂ ಬೆವರು ಸುರಿಸುತ್ತ ಬಂದು ನನ್ನ ಸುತ್ತ ನಿಂತರು.

“ಏನ್ ನಡಸೀರಿ ಇದು? ಇದು ನನ್ನ ಆಟ ಅಲ್ಲ,” ಎಂದೆ.

“ನಿಮ್ದ ಆಟ ಐತ್ರಿ ಅಕ್ಕಾರ,” ಎಂದಳು ಸುಮಿತ್ರಾ. “ನಾಲ್ಕು ಮಂದಿ ಅಡ್ಡ ನಿಂತು ಒಬ್ಬಾಕಿಗೆ ದಾರಿ ಬಿಡಿಸೂದು ಯಾರು ಕಲಿಸಿದ್ರು?”

ತಂಗೆವ್ವ ನೀರು ಕುಡಿದು ಬಾಟಲಿ ಕೆಳಗಿಟ್ಟಳು. “ನಮ್ಮವ್ವ ಹೋದಳು ಅಕ್ಕಾರ. ನನ್ನ ಮರೀಲಿಕ್ಕೆ ಮನ್ಯಾಗ ಈಗ ಯಾರದಾರ?” ಎಂದಳು. “ಶಕ್ಕು ಇನ್ನ ಸಣ್ಣಾಕಿ. ಮಂದಿ ಬಾಯಾಗ ನನ್ನ ಹೆಸರು ಬಂದ್ರ ನಿಮ್ಮದು ಇಳೀತೈತಿ.”

ಬೇಡ ಎನ್ನಬೇಕಿತ್ತು. ಬೇಡ ಎಂದೆ ಕೂಡ, ಆದರೆ ಆ ಬೇಡದಲ್ಲಿ ಬಲವಿರಲಿಲ್ಲ. ಶಕ್ಕುವಿನ ಕೂದಲಿಗೆ ಸುತ್ತಿದ ಆ ದಾರ ಕಣ್ಣ ಮುಂದೆ ಬಂದಿತ್ತು. ಸೀಟಿ ಕೇಳಿತು, ಅವರು ಓಡಿಹೋದರು.

ನಾನು ಬೆಂಚಿನ ಮೇಲೆ ಕೂತೆ. ಅವತ್ತು ನಾನು ನೋಡಿದ್ದನ್ನು ಆ ಊರಿನಲ್ಲಿ ಬೇರೆ ಯಾರೂ ನೋಡಲಿಲ್ಲ. ಜನರ ಕಣ್ಣೆಲ್ಲ ತಂಗೆವ್ವನ ಕೈಮೇಲಿತ್ತು. ನಾನು ಉಳಿದ ನಾಲ್ವರನ್ನು ನೋಡುತ್ತಿದ್ದೆ. ಸುಮಿತ್ರಾ ಎದುರಾಳಿಯ ಭುಜಕ್ಕೆ ಭುಜ ಕೊಟ್ಟು ನಿಂತಾಗ ತಂಗೆವ್ವನಿಗೆ ಒಂದು ಹೆಜ್ಜೆ ಜಾಗ ಸಿಗುತ್ತಿತ್ತು. ಇನ್ನೊಬ್ಬಳು ರಿಂಗಿನತ್ತ ಸುಳ್ಳು ಓಟ ಓಡಿ ಇಬ್ಬರನ್ನು ಎಳೆದುಕೊಂಡು ಹೋಗುತ್ತಿದ್ದಳು. ಚೆಂಡು ಮಿಂಚಿ ಮಾಯವಾಗಿ ಸರಿಯಾದ ಹೊತ್ತಿಗೆ ತಂಗೆವ್ವನ ಕೈಯಲ್ಲಿರುತ್ತಿತ್ತು. ಅವರು ಅಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ. ನನ್ನ ಕ್ರಮದ ಅತ್ಯುತ್ತಮ ಆಟ ಅದು. ಒಬ್ಬಳನ್ನು ರಾಣಿ ಮಾಡಿ ತೋರಿಸುವುದಕ್ಕಾಗಿ ನಾಲ್ವರು ಕಾಣದಂತೆ ಆಡಿದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಗೆ ನಾಚಿಕೆಯೂ ಆಯಿತು.

“ತಂಗೆವ್ವ! ತಂಗೆವ್ವ!” ಎಂದು ಊರು ಕೂಗುತ್ತಿತ್ತು. ಕೊನೆಯ ಸೀಟಿ ಊದುವ ಹೊತ್ತಿಗೆ ಆ ಕೂಗಿಗೆ ಶಾಲೆಯ ತಗಡಿನ ಮಾಡು ಅದುರುತ್ತಿತ್ತು. ನನ್ನ ಹಿಂದೆ ನಿಂತಿದ್ದ ಇಬ್ಬರು ಮಾತಾಡಿಕೊಳ್ಳುವುದು ಕೇಳಿಸಿತು.

“ಇಂಥಾ ಹುಡುಗಿ ಇದ್ರ ನಮ್ಮ ಎಮ್ಮೀನೂ ಕೋಚ್ ಆಕ್ಕಿತ್ತು. ಟೀಚರು ಏನ್ ಮಾಡ್ಯಾರ, ಬೆಂಚಿನ ಮ್ಯಾಲೆ ಕುಂತಾರ.”

“ಹಂಗಾರ ಹೋದ ವರ್ಷದ್ದೂ ಈ ಹುಡುಗೀದ ಇರಬೇಕು ಬಿಡು.”

ತಿರುಗಿ ಅವರ ಕೊರಳಪಟ್ಟಿ ಹಿಡಿದು ಹೇಳಬೇಕೆನಿಸಿತು. ಆ ನಾಲ್ವರ ಕಾಲು ನೋಡಿರಾ, ಕುರುಡರಾ ಎಂದು ಕೇಳಬೇಕೆನಿಸಿತು. ಹೇಳಿದರೆ ಅವರು ನಂಬಿದರೂ ನಂಬಬಹುದು. ತುಟಿ ಕಚ್ಚಿಕೊಂಡು ಸುಮ್ಮನೆ ಕೂತೆ. ಇಪ್ಪತ್ತು ವರ್ಷ ಆ ಅಂಗಳದಲ್ಲಿ ನಿಂತು ಬೆವರು ಸುರಿಸಿದ್ದನ್ನು ಎಮ್ಮೆಗೆ ಹೋಲಿಸಿದ್ದಕ್ಕೆ ಹೀಗೆ ಋಣಿಯಾಗುತ್ತೇನೆಂದು ಯಾವತ್ತೂ ಎಣಿಸಿರಲಿಲ್ಲ.

ಸಂಜೆ ಎಲ್ಲರ ಬಾಗಿಲೂ ತೆರೆದವು. ತಂಗೆವ್ವನ ಮನೆಯ ಮುಂದೆ ಮಾತ್ರ ನಾವು ನಿಲ್ಲಲಿಲ್ಲ. ಅವಳೇ ಬೇಗ ಬೇಗ ಹೆಜ್ಜೆ ಹಾಕಿ ಮುಂದೆ ನಡೆದಳು. ನನ್ನ ಬಾಗಿಲು ಬಡಿಯಲು ನನಗೆ ಕೈ ಏಳಲಿಲ್ಲ, ಸುಮಿತ್ರಾ ಬಡಿದಳು.

“ಇಷ್ಟೊತ್ತು ಎಲ್ಲಿ ಹೋಗಿದ್ದಿ ನೀಲಾ?” ಎಂದ ಗುರುಶಾಂತ. “ಮ್ಯಾಚ್ ಮುಗದು ಯಾವ ಕಾಲ ಆತು. ಈಕಿ ಹಸ್ತಾಳ.”

ಒಂದು ವರ್ಷ ಅವನಿಗೆ ಒಂದು ಸಂಜೆಯಾಗಿತ್ತು. ಶಕ್ಕು ಬಂದು ಕಾಲಿಗೆ ಸುತ್ತಿಕೊಂಡಳು. “ಅವ್ವಾ, ಜಡಿ ಬಿಚ್ಚೇತಿ ನೋಡು,” ಎಂದಳು. ಅವಳ ಲಂಗ ಮೊಣಕಾಲಿಗೆ ಬಂದಿತ್ತು. ದೂರದಿಂದ ನೋಡುತ್ತಿದ್ದ ನನಗೆ ಅವಳು ಬೆಳೆದದ್ದು ತಿಳಿದಿರಲಿಲ್ಲ. ಅವಳ ಕೂದಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತೆ. ಎದ್ದು ನೋಡಿದಾಗ ಹುಡುಗಿಯರು ಹೋಗಿದ್ದರು.

ತಂಗೆವ್ವ ಶಹಬ್ಬಾಸ್ ಓಣಿಗೆ ಹೋಗಿದ್ದಾಳೆಂದು ಆ ರಾತ್ರಿಯೇ ತಿಳಿಯಿತು. ಮನೆಯಿದ್ದೂ, ಹೆಸರು ಹಿಡಿದು ಕರೆಯುವವರಿಲ್ಲದ ಆ ಮನೆ ಬೇಡವೆಂದು ಹೋಗಿದ್ದಾಳೆ. ಬೆಳಿಗ್ಗೆ ಬೇಗನೆದ್ದು ಜೋಳದ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿ, ಬುತ್ತಿ ಕಟ್ಟಿಕೊಂಡು ನಡೆದೆ. ಅವಳನ್ನು ಮನೆಗೆ ಕರೆತಂದು ಇಟ್ಟುಕೊಳ್ಳುವುದೆಂದು ನಿರ್ಧರಿಸಿದ್ದೆ. ಶಕ್ಕುವಿಗೆ ಅಕ್ಕನಾಗಿ ಇರಲಿ. ಹಿಂದಿನ ದಿನದ ಸಂತೋಷ ನನ್ನ ಬುದ್ಧಿಯನ್ನು ಎಷ್ಟು ಮಂಕು ಮಾಡಿತ್ತೆಂದರೆ ವರ್ಷವಿಡೀ ಆ ಓಣಿಯಲ್ಲಿದ್ದು ಕಲಿತದ್ದೂ ಮರೆತುಹೋಗಿತ್ತು. ನಾನಿದ್ದ ಕೋಣೆಯಲ್ಲೇ ಅವಳಿದ್ದಳು. ನಾನು ಹೂಡಿದ ಒಲೆಯ ಮುಂದೆಯೇ ಕೂತಿದ್ದಳು. ಬುತ್ತಿ ನೋಡಿದವಳೇ ಎದ್ದು ಹಿಂದೆ ಸರಿದಳು.

“ಒಳಗ ತರಬ್ಯಾಡ್ರಿ ಅಕ್ಕಾರ.”

“ಏಳು, ನಮ್ಮ ಮನಿಗೆ ಹೋಗೂಣು. ಇಲ್ಲೊಬ್ಬಾಕಿ ಏನ್ ಮಾಡ್ತಿ?”

“ನಿಮ್ಮ ಮನಿಗೆ ಬಂದ್ರ, ಇಲ್ಲಾ ಈ ರೊಟ್ಟಿ ತಿಂದ್ರ, ನಾ ನಿಮ್ಮ ಮನಿಯಾಕಿ ಆಕ್ಕೀನ್ರಿ. ನಾಳೆ ಮುಂಜಾನಿ ನೀವೇ ನನ್ನ ಯಾರವಾ ನೀನು ಅಂತ ಕೇಳ್ತೀರಿ,” ಎಂದಳು. ಅವಳ ದನಿ ಆ ಇಡೀ ವರ್ಷದಲ್ಲಿ ಮೊದಲ ಬಾರಿ ಒಡೆಯಿತು. “ಅವ್ವ ಹೋದ ಮ್ಯಾಲೆ ಮಗಳಂಗ ನೋಡಾವ್ರು ನೀವೊಬ್ರು. ಅದನ್ನ ಕಳಕೊಳ್ಳಾಕ ನನಗ ಆಗಂಗಿಲ್ರಿ. ನೀವು ಹೊರಗ ಇರ್ರಿ. ಹೊರಗ ಇದ್ದು ಬರ್ಕೋತ ಇರ್ರಿ.”

ಅವಳು ಆ ಕೋಣೆಯಲ್ಲೇ ಬಿದ್ದಿದ್ದ ಹಳೆಯ ಹಿಟ್ಟಿನ ಡಬ್ಬಿ ತೆರೆದಳು. ಸೊಂಡಿಲು ಹುಳ ಆರಿಸಿ, ಪರಾತಕ್ಕೆ ಹಿಟ್ಟು ಸುರಿದು, ಬಿಸಿನೀರು ಹಾಕಿ ಕಲಸತೊಡಗಿದಳು. ರೊಟ್ಟಿ ಬಡಿಯುವುದು ಫಕೀರವ್ವ ಅವಳಿಗೆ ಕಲಿಸಿಯೇ ಇರಲಿಲ್ಲ ಎಂದು ಕಾಣುತ್ತದೆ. ಎಲ್ಲಿಂದ ಎಸೆದರೂ ಚೆಂಡು ಹಾಕುವ ಆ ಕೈಗಳ ಕೆಳಗೆ ರೊಟ್ಟಿ ಸೀಳಿಹೋಯಿತು. ಮುದ್ದೆ ಮಾಡಿ ಮತ್ತೆ ಬಡಿದಳು, ಮತ್ತೆ ಸೀಳಿತು. ಅವಳ ಕಣ್ಣಿನಿಂದ ನೀರು ಹಿಟ್ಟಿನ ಮೇಲೆ ಬೀಳುತ್ತಿತ್ತು.

ಒಳಗೆ ಹೋಗಿ ಅವಳ ಕೈಯಿಂದ ಹಿಟ್ಟು ಕಸಿದುಕೊಳ್ಳುವ ಹಾಗಿರಲಿಲ್ಲ. ನಾನು ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತೆ.

“ನೀರು ಕಡಿಮಿ ಆತು,” ಎಂದೆ. “ಇನ್ನೊಂದಿಷ್ಟು ಬಿಸಿ ನೀರು ಹಾಕಿ ಚೊಲೋತ್ನ್ಯಾಗ ನಾದು. ಹಂಗಲ್ಲ, ಅಂಗೈಯಿಂದ. ಇನ್ನೂ ನಾದು. ಈಗ ತಿರುಗಿಸ್ಕೋತ ಬಡಿ. ನಡುವಿಗಲ್ಲ, ಅಂಚಿಗೆ ಬಡಿ.”

ಅವಳು ಮೂಗು ಒರೆಸಿಕೊಂಡು ನಾನು ಹೇಳಿದಂತೆ ಮಾಡಿದಳು. ನಾಲ್ಕನೆಯದೋ ಐದನೆಯದೋ ಒಂದು ಅಷ್ಟಿಷ್ಟು ದುಂಡಗೆ ಬಂತು. ಹೆಂಚಿನ ಮೇಲೆ ಹಾಕಿದಳು, ಒಂದು ಕಡೆ ಕರಕಲಾಯಿತು. ಅದನ್ನೇ ಉಪ್ಪು, ಖಾರ ಹಚ್ಚಿಕೊಂಡು ಒಲೆಯ ಮುಂದೆ ಕೂತು ತಿನ್ನತೊಡಗಿದಳು. ನಾನು ಹೊರಗೆ ಬುತ್ತಿ ಬಿಚ್ಚಿ, ಅವಳಿಗೆಂದು ಮಾಡಿದ ರೊಟ್ಟಿಯನ್ನು ನಾನೇ ಮುರಿದೆ. ನಮ್ಮಿಬ್ಬರ ನಡುವೆ ಹೊಸ್ತಿಲು ಇತ್ತು. ಅವಳ ತಟ್ಟೆಯಲ್ಲಿ ಪಲ್ಯವಿರಲಿಲ್ಲ, ನನ್ನ ಮಡಿಲಲ್ಲಿ ಇಬ್ಬರಿಗಾಗುವಷ್ಟಿತ್ತು.